ಓರೆ ಅಂಚಿನ ಸೌಟು

"ಮರದ ಎಳೆ ನೋಡ್ಕೊಂಡು ಕೆತ್ತು ಅಂದ್ನಲ್ಲ," ಅಂದಳು ಅತ್ತೆ. "ಎಳೆಗೆ ಎದುರಾಗಿ ಚಾಕು ಎಳೆದ್ರೆ ಸಿಬಿರು ಏಳ್ದೆ ಇನ್ನೇನಾಗುತ್ತೆ?"

ನಿಜ, ಸೌಟಿನ ಹಿಡಿಯ ಮೇಲೆ ಸಿಬಿರು ಎದ್ದು ನಿಂತಿತ್ತು. ಗಿಣಿ ಮರವನ್ನು ತಿರುಗಿಸಿ ಹಿಡಿದು ಇನ್ನೊಂದು ದಿಕ್ಕಿನಿಂದ ಚಾಕು ಓಡಿಸಿದಳು. ಈ ಸಲ ತೆಳ್ಳನೆಯ ಚೂರು ಸುರುಳಿ ಸುತ್ತಿಕೊಂಡು ಮಡಿಲಿಗೆ ಬಿತ್ತು. ವಟವಟ ಅನ್ನುತ್ತಲೇ ಇರುತ್ತಾಳೆಂದು ಎಲ್ಲರೂ ಅವಳಿಗೆ ಗಿಣಿ ಅಂತ ಹೆಸರಿಟ್ಟಿದ್ದರು. ಆದರೆ ಅತ್ತೆಯ ಶೆಡ್ಡಿನೊಳಗೆ ಕೂತರೆ ಅವಳ ಬಾಯಿಗೆ ರಜ.

ಅತ್ತೆ ಅಂದರೆ ಅಪ್ಪನ ಅಕ್ಕ. ಕುರ್ಚಿ, ಮೇಜು, ಕಿಟಕಿ ಮಾಡುವುದು ಅವಳ ಕೆಲಸ. ತಲೆಗೂದಲಲ್ಲಿ ಯಾವಾಗಲೂ ಮರದ ಪುಡಿ. ಅವಳ ಉಳಿ ಸುತ್ತಿಗೆ ಮುಟ್ಟಿದವರಿಗೆ ಮಂಗಳಾರತಿ ತಪ್ಪಿದ್ದಲ್ಲ. ಆದರೆ ಗಿಣಿ ಎರಡು ತುಂಡಾದ ಸೌಟನ್ನು ಹಿಡಿದು ಬಾಗಿಲಲ್ಲಿ ನಿಂತ ದಿನ ಅತ್ತೆ ಯಾಕೆ, ಏನು ಅಂತ ಕೇಳಲಿಲ್ಲ. ಒಂದು ಮರದ ತುಂಡು ಸೀಳಿಕೊಟ್ಟು, ಸೌಟಿನ ಬಟ್ಟಲು ತೋಡುವ ಬಾಗಿದ ಚಾಕನ್ನು ತೆಗೆದು ಕೈಗಿತ್ತಳು.

ಮುರಿದದ್ದು ಅಮ್ಮನ ಸೌಟು. ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳನ್ನು ನೋಡಿಕೊಳ್ಳಲು ಅಮ್ಮ ಹೋಗಿ ತಿಂಗಳುಗಳೇ ಆಗಿದ್ದವು. ಯಾವಾಗ ಬರ್ತೀಯ ಅಂತ ಕೇಳಿದಾಗಲೆಲ್ಲ ಫೋನಿನಲ್ಲಿ ಅಮ್ಮ "ಇನ್ನು ಸ್ವಲ್ಪ ದಿನ ಕಂದಾ" ಅನ್ನುತ್ತಿದ್ದಳು. ಆ ಸ್ವಲ್ಪ ದಿನ ಮಾತ್ರ ಮುಗಿಯುತ್ತಲೇ ಇರಲಿಲ್ಲ.

ಹೀಗಿರುವಾಗ ಗಿಣಿ ಗಟ್ಟಿಯಾಗಿ ಕೂತ ಪೇಂಟ್ ಡಬ್ಬದ ಮುಚ್ಚಳ ಎಬ್ಬಿಸಲು ಹೋದಳು. ಕೈಗೆ ಸಿಕ್ಕಿದ್ದು ಆ ಸೌಟು. ಲಟಕ್ಕನೆ ಮುರಿಯಿತು. ಅದೇ ಸಂಜೆ ಅಮ್ಮ ಫೋನ್ ಮಾಡಿ ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಅಂತ ಕೇಳಿದಾಗ "ಸೂಪರ್" ಅಂದುಬಿಟ್ಟಳು. ಮನೆಯಲ್ಲಿ ಅಮ್ಮನಿಲ್ಲ, ಈಗ ಅಮ್ಮನ ಸೌಟೂ ಇಲ್ಲ. ಅವಳು ಬರುವುದರೊಳಗೆ ಥೇಟ್ ಅಂಥದ್ದೇ ಇನ್ನೊಂದು ಆಗಬೇಕಿತ್ತು.

ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಬಟ್ಟಲು ಆಳವಾಯಿತು, ಹಿಡಿ ಸಪೂರವಾಯಿತು. ಇನ್ನು ಉಳಿದದ್ದು ತುದಿಯ ಅಂಚು. ಹಳೆಯ ಸೌಟಿನ ಅಂಚು ದುಂಡಗಿರಲಿಲ್ಲ, ಒಂದು ಬದಿ ಓರೆಯಾಗಿತ್ತು. ಗಿಣಿ ಅದನ್ನು ಪಕ್ಕಕ್ಕಿಟ್ಟುಕೊಂಡು ಹೊಸದರ ಮೇಲೆ ಪೆನ್ಸಿಲಿನಿಂದ ಓರೆ ಗೆರೆ ಎಳೆದಳು.

ಅತ್ತೆ ಅವಳ ಕೈ ತಡೆದಳು. "ಅದನ್ಯಾಕೆ ಕತ್ತರಿಸ್ತೀಯ? ದುಂಡಗೆ ಚೆನ್ನಾಗಿದೆಯಲ್ಲ."

"ಅಮ್ಮಂದು ಹೀಗೇ ಇತ್ತು."

ಅತ್ತೆ ಹಳೆಯ ತುಂಡನ್ನು ಬೆಳಕಿಗೆ ಹಿಡಿದು ಅಂಚನ್ನು ಹೆಬ್ಬೆರಳಿನಿಂದ ಸವರಿದಳು. "ಇದನ್ನ ಹೀಗೆ ಯಾರೂ ಮಾಡಿಲ್ಲ ಕಣೇ. ವರ್ಷಗಟ್ಟಲೆ ನಿಮ್ಮಮ್ಮ ಪಾತ್ರೆ ತಳ ಕೆರೆದೂ ಕೆರೆದೂ ಈ ಬದಿ ಸವೆದಿದೆ. ಹೊಸದಕ್ಕೆ ಯಾಕೆ?"

ಗಿಣಿಗೆ ಬೇಕು ಅಂದರೆ ಬೇಕು. ಹಟದಲ್ಲಿ ಅಪ್ಪನ ಮಗಳೇ ಅಂತ ಗೊಣಗುತ್ತ ಅತ್ತೆ ಕೈಬಿಟ್ಟಳು.

ಮನೆಯಲ್ಲಿ ಅಪ್ಪ ಬೇಳೆ ಬೇಯಿಸುತ್ತಿದ್ದ. ಹೊಸ ಸೌಟು ನೋಡಿ ಅವನು ಮಗಳನ್ನು ಹೊಗಳಿ ಅಟ್ಟಕ್ಕೇರಿಸಿದ. ಆಮೇಲೆ ಅದರಲ್ಲೇ ಕದಡತೊಡಗಿದ. ಆದರೆ ಓರೆ ಅಂಚಿನ ಮೂಲೆಯೊಂದೇ ತಳಕ್ಕೆ ತಾಗುತ್ತಿತ್ತು, ಉಳಿದದ್ದು ಮೇಲೆಯೇ ತೇಲುತ್ತಿತ್ತು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು.

ಸೌಟಿನ ತಪ್ಪಲ್ಲ, ತನ್ನ ಅಡುಗೆಗೆ ತಳ ಹಿಡಿಯುವುದು ಅಭ್ಯಾಸ ಅಂತ ಅಪ್ಪ ನಗಿಸಲು ನೋಡಿದ. ಗಿಣಿಗೆ ನಗು ಬರಲಿಲ್ಲ. ಅವನು ಒಲೆ ಸಣ್ಣ ಮಾಡಿ, ಹೊಗೆ ಹೋಗಲೆಂದು ಕಿಟಕಿಗಳನ್ನು ತೆರೆಯಲು ಹೊರಟ.

ಗಿಣಿ ತಾನೇ ಕದಡಿ ನೋಡಿದಳು. ಅದೇ ಕತೆ. ಎಲ್ಲಿ ತಪ್ಪಿದೆ? ಕಣ್ಣು ತುಂಬಿ ಬಂತು. ಆಗ ನೆನಪಾಯಿತು, ಅಮ್ಮನದು ಎಡಗೈ. ಬರೆಯುವುದೂ ಅದರಲ್ಲೇ, ಬಡಿಸುವುದೂ ಅದರಲ್ಲೇ.

ಅವಳು ಸೌಟನ್ನು ಎಡಗೈಗೆ ತೆಗೆದುಕೊಂಡಳು. ಪರವಾಗಿಲ್ಲ, ಆದರೂ ಪೂರ್ತಿ ಕೂರುತ್ತಿಲ್ಲ. ಮೊಣಕೈ ಎತ್ತಿದಳು. ಎಡಭುಜವನ್ನು ಒಲೆಯ ಕಡೆಗೆ ಮಾಡಿ ಇಡೀ ಮೈಯನ್ನು ಬಲಕ್ಕೆ ತಿರುಗಿಸಿದಳು. ಅಂಚು ಪಾತ್ರೆಯ ತಳದ ಮೇಲೆ ಪಟ್ಟಾಗಿ ಕೂತು, ಸರ್‍ರನೆ ಹಿಡಿದದ್ದನ್ನೆಲ್ಲ ಎಬ್ಬಿಸಿಕೊಂಡು ಹೋಯಿತು.

ಗಿಣಿ ತಲೆ ಎತ್ತಿದಳು. ಹಾಗೆ ನಿಂತರೆ ಕಾಣುವುದು ಊಟದ ಮೇಜು. ಮೇಜಿನ ಈ ಕೊನೆಗೆ, ಅವಳು ದಿನಾ ಸಂಜೆ ಹೋಮ್‌ವರ್ಕ್‌ಗೆ ಕೂರುವ ಕುರ್ಚಿ.

ಇಷ್ಟು ವರ್ಷ ಅಮ್ಮ ಅಡುಗೆ ಮಾಡಿದ್ದು ಈ ಕಡೆಗೇ ತಿರುಗಿಕೊಂಡು. ಅಂಚು ಓರೆಯಾಗಿ ಸವೆದದ್ದೂ ಅದಕ್ಕೇ. ಲೆಕ್ಕ ತಲೆಗೆ ಹತ್ತದೆ ಪೆನ್ಸಿಲ್ ಕಚ್ಚುತ್ತ ಕೂತಾಗ, ಏನೇನೋ ವಟಗುಟ್ಟುವಾಗ, ಗಿಣಿ ಒಂದು ದಿನವೂ ಪುಸ್ತಕದಿಂದ ತಲೆ ಎತ್ತಿ ಅದನ್ನು ನೋಡಿರಲಿಲ್ಲ. ಈಗ ಅಮ್ಮ ಬೇಕು ಅನಿಸಿತು. ಇವತ್ತೇ, ಈಗಲೇ ಬೇಕು ಅನಿಸಿತು. ಫೋನ್ ಬಂದ ಕೂಡಲೇ ಮುರಿದದ್ದನ್ನೂ ಕೆತ್ತಿದ್ದನ್ನೂ ಎಲ್ಲ ಹೇಳಿಬಿಡಬೇಕು.

ಕಿಟಕಿ ತೆರೆದು ಬಂದ ಅಪ್ಪ ಅವಳ ಮುಖ ನೋಡಿ ಅಲ್ಲೇ ನಿಂತ.

"ಅಪ್ಪಾ, ನನ್ನ ಕುರ್ಚೀಲಿ ಸ್ವಲ್ಪ ಹೊತ್ತು ಕೂತ್ಕೋತೀಯಾ?"

ಅಪ್ಪ ಹೋಗಿ ಕೂತ. ಗಿಣಿ ಅವನನ್ನೇ ನೋಡುತ್ತ ಬೇಳೆ ಕದಡಿದಳು.