ತೆಳ್ಳನೆಯ ಪುಸ್ತಕಗಳು

"ಸ್ವಲ್ಪ ಬೆರಳಿಡ್ತೀರಾ?"

ಅದನ್ನೇ ಕಾಯುತ್ತಿದ್ದವನಂತೆ ಅವನು ತೋರುಬೆರಳು ಚಾಚಿದ. ಕಂದು ಕಾಗದ ಸುತ್ತಿದ ಪುಸ್ತಕ, ಮೇಲೆ ಅಡ್ಡಕ್ಕೂ ಉದ್ದಕ್ಕೂ ಹಾಯ್ದ ಬಿಳಿ ದಾರ, ದಾರ ಕೂಡುವಲ್ಲಿ ಅವನ ಬೆರಳು. ಅವಳು ಗಂಟು ಬಿಗಿಯುವ ಹೊತ್ತಿಗೆ ಗಿರಾಕಿ ಬೆರಳನ್ನು ಸರಕ್ಕನೆ ಎಳೆದುಕೊಳ್ಳಬೇಕು. ಆ ಪುಟ್ಟ ಪುಸ್ತಕದಂಗಡಿಯಲ್ಲಿ ಅಜ್ಜನ ಕಾಲದಿಂದಲೂ ಪೊಟ್ಟಣ ಕಟ್ಟುವುದು ಹೀಗೇ. ಎಲ್ಲರೂ ಬೆರಳು ಎಳೆದುಕೊಳ್ಳುತ್ತಿದ್ದರು. ಇವನೊಬ್ಬ ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ.

"ಕೈ ತೆಗೀರಿ. ಸಿಕ್ಕಿಹಾಕ್ಕೊಂಡ್ರೆ?"

"ಸಿಕ್ಕಿಹಾಕ್ಕೊಂಡ್ರೆ ನನ್ನನ್ನೂ ಇಲ್ಲೇ ಇಟ್ಕೊಂಡ್ಬಿಡಿ."

"ಜಾಗ ಎಲ್ಲಿದೆ? ನಾನೇ ಅಡ್ಡಡ್ಡ ತಿರುಗಿ ಓಡಾಡ್ತೀನಿ."

ಅವನು ಮೆಲ್ಲಗೆ ಬೆರಳು ತೆಗೆದ. ಅದರ ಮೇಲೆ ದಾರದ ಗೆರೆ ಮೂಡಿತ್ತು. ಅದನ್ನವನು ಒರೆಸಿಕೊಳ್ಳದೆ ಹಾಗೇ ನೋಡುತ್ತ ನಿಂತ. ಅವಳು ಕತ್ತರಿ ಹುಡುಕುವ ನೆಪದಲ್ಲಿ ಬಗ್ಗಿದಳು. ಕತ್ತರಿ ಕೈಯಲ್ಲೇ ಇತ್ತು.

ಅವನು ಹೋದಮೇಲೆ, ಗಲ್ಲಾಪೆಟ್ಟಿಗೆಯ ಹಿಂದಿದ್ದ ಅಪ್ಪ ಕೆಮ್ಮಿದರು. ವಾರ ತಪ್ಪದೆ ಬರುವ ಈ ಗಿರಾಕಿಗೆ ಶನಿವಾರದವನು ಎಂದು ಹೆಸರಿಟ್ಟವರು ಅವರೇ.

"ಅಲ್ಲಮ್ಮಾ, ಆ ಹುಡುಗನಿಗೆ ಬರೀ ತೆಳ್ಳನೆ ಪುಸ್ತಕಾನೇ ಕೊಡ್ತೀಯಲ್ಲ? ಮೇಲಿನ ಸಾಲಲ್ಲಿ ದಪ್ಪದ್ದೊಂದು ವರ್ಷಗಟ್ಟಲೆ ಧೂಳು ತಿಂತಾ ಕೂತಿದೆ. ಅದನ್ನ ದಾಟಿಸಬಾರದಾ?"

"ಅವ್ರಿಗೆ ಪುರುಸೊತ್ತಿರಲ್ಲಪ್ಪಾ."

ಸುಳ್ಳು. ದಪ್ಪ ಪುಸ್ತಕ ಕೊಟ್ಟರೆ ಅವನು ತಿಂಗಳುಗಟ್ಟಲೆ ಬರುವುದಿಲ್ಲ. ತೆಳ್ಳನೆಯದಾದರೆ ವಾರದಲ್ಲಿ ಮುಗಿಸಿ ಮತ್ತೆ ಬರುತ್ತಾನೆ. ಅದೂ ಎಂಥೆಂಥ ತೆಳ್ಳನೆಯ ಪುಸ್ತಕಗಳು! ಅವಳ ಬಾಯಲ್ಲಿ ಬಾರದ ಮಾತುಗಳೆಲ್ಲ ಅವುಗಳಲ್ಲಿದ್ದವು. ಅವತ್ತು ಕೊಟ್ಟದ್ದು ಒಬ್ಬ ದರ್ಜಿ ಹೆಂಗಸಿನ ಕಥೆ. ತಾನು ಮೆಚ್ಚಿದವನ ಕೋಟಿನ ಗುಂಡಿಯನ್ನು ಅವಳು ಪ್ರತಿ ಸಲವೂ ಬೇಕೆಂದೇ ಸಡಿಲವಾಗಿ ಹೊಲಿಯುತ್ತಾಳೆ, ಬಿದ್ದುಹೋಗಲಿ, ಮತ್ತೆ ಬರಲಿ ಎಂದು.

ಅವನಾದರೂ ಪ್ರತಿ ವಾರ ಬಂದು ಹಿಂದಿನ ಪುಸ್ತಕದ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಿದ್ದ. "ಕೊನೇ ಪುಟ ಎರಡೆರಡು ಸಲ ಓದಿದೆ ರೀ" ಎಂದು ಒಮ್ಮೆ ಹೇಳಿದ್ದಕ್ಕೆ ಅವಳು ಇಡೀ ವಾರ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ನೆಲಕ್ಕೆ ಇಳಿಸಲು ಅದೇ ರಸ್ತೆಯ ತಿರುವಿನಲ್ಲಿ ದೊಡ್ಡಂಗಡಿಯಿತ್ತು. ಊರೂರಿಗೂ ಶಾಖೆಯಿರುವ ಪುಸ್ತಕದ ಕಂಪನಿ. ಮೂರು ಮಹಡಿ, ಏಸಿ, ಸೋಫಾ, ಕಾಫಿ. ಜನ ಇಲ್ಲಿಗೆ ಬಂದು ಅವಳ ತಲೆ ತಿಂದು, ಯಾವ ಪುಸ್ತಕ ಒಳ್ಳೆಯದೆಂದು ತಿಳಿದುಕೊಂಡು, ಮುಖಪುಟದ ಫೋಟೋ ಹೊಡೆದುಕೊಂಡು, "ಆಮೇಲೆ ಬರ್ತೀವಿ" ಎಂದು ನೆಟ್ಟಗೆ ಅಲ್ಲಿಗೆ ನಡೆಯುತ್ತಿದ್ದರು. ಅಲ್ಲಿ ಡಿಸ್ಕೌಂಟ್ ಇತ್ತಲ್ಲ! ಸ್ವಂತ ಚಿಕ್ಕಮ್ಮನೇ ಹೋಗುವಾಗ ಬೇರೆಯವರನ್ನು ಬೈದು ಏನು ಪ್ರಯೋಜನ?

ಮುಂದಿನ ಶನಿವಾರ ಅಪ್ಪ ಊಟಕ್ಕೆ ಹೋಗಿದ್ದಾಗ ಅವನು ಬಂದ. ಬಂದವನೇ ಬೆರಳು ಚಾಚಲಿಲ್ಲ.

"ಒಂದು ವಿಷಯ ಹೇಳ್ಬೇಕು. ಬೈಬಾರ್ದು."

"ಅದು ವಿಷಯ ಎಂಥದ್ದು ಅನ್ನೋದರ ಮೇಲೆ."

"ತಿರುವಿನಲ್ಲಿರೋ ಆ ಅಂಗಡಿಯ ಮ್ಯಾನೇಜರ್ ನಾನು."

ಅವಳಿಗೆ ತಕ್ಷಣ ನೆನಪಾದದ್ದು ತನ್ನ ಬೈಗುಳಗಳು. ಆ ಮ್ಯಾನೇಜರಿಗೆ ಇವನೆದುರೇ ಎಷ್ಟು ಸಲ ಶಾಪ ಹಾಕಿದ್ದಳು!

"ಅವನ ಅಂಗಡಿಗೆ ಗೆದ್ದಲು ಹಿಡೀಲಿ ಅಂದಾಗ ನೀವೂ ನಕ್ಕಿರಲ್ರೀ?"

"ನೀವು ಬೈಯೋದೂ ಚೆಂದ ಇತ್ತು." ಅವನು ಒಂದು ಹೆಜ್ಜೆ ಮುಂದೆ ಬಂದ. "ಇಲ್ಲಿ ನಿಜವಾಗ್ಲೂ ಗೆದ್ದಲು ಹಿಡಿದಿದೆ. ಎಷ್ಟು ದಿನ ನಡೆಸ್ತೀರಾ? ನಮ್ಮಲ್ಲಿಗೆ ಬನ್ನಿ. ಕಥೆ ಕಾದಂಬರಿ ಇರೋ ಮಹಡಿ ಪೂರ್ತಿ ನಿಮ್ಮ ಕೈಗೆ ಕೊಡಿಸ್ತೀನಿ. ಅಪ್ಪನಿಗೂ ವಿಶ್ರಾಂತಿ. ಆಮೇಲೆ... ನಮ್ಮ ಮನೇಲೂ ಮಾತಾಡ್ತೀನಿ. ನಮ್ಮಿಬ್ಬರ ವಿಷಯ."

ಕೆಲಸ, ಮದುವೆ ಎರಡೂ ಒಂದೇ ಉಸಿರಿನಲ್ಲಿ. ಮಾನವಿದ್ದ ಹುಡುಗಿ ಬಾಗಿಲು ತೋರಿಸಬೇಕಿತ್ತು. ಇವಳು "ಬಂದು ನೋಡ್ತೀನಿ" ಎಂದಳು. ಹೇಳುವಾಗ ಕಿವಿಯವರೆಗೂ ಕೆಂಪಾದಳು.

ಅವನ ಕೋಣೆ ದೊಡ್ಡಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕುರ್ಚಿಯ ಹಿಂದಿನ ಕಪಾಟಿನ ತುಂಬ ಕಂದು ಪೊಟ್ಟಣಗಳು, ಒಂದರ ಪಕ್ಕ ಒಂದು, ಅಚ್ಚುಕಟ್ಟಾಗಿ. ಹಳೆಯವುಗಳ ದಾರ ಹಳದಿ ತಿರುಗಿತ್ತು. ತನ್ನ ಕೈಯ ಗಂಟು ಅವಳಿಗೆ ಗುರುತು ಸಿಗದೆ ಇರುತ್ತದೆಯೇ?

"ಎಲ್ಲಾ ನೀವು ಕೊಟ್ಟಿದ್ದೇ" ಎಂದ, ಮುಖ ಅರಳಿಸಿಕೊಂಡು. "ಒಂದನ್ನೂ ಬಿಚ್ಚಿಲ್ಲ."

"ಕೊನೇ ಪುಟ ಎರಡೆರಡು ಸಲ ಓದಿದ್ದು?"

"ಅದೆಲ್ಲ ನೆಟ್‌ನಲ್ಲಿ ಸಿಗುತ್ತಲ್ಲ, ಕಥೆ ಏನು ಅಂತ. ಅದು ಬಿಡಿ. ಗಂಟು ಹಾಕುವಾಗ ನೀವು ನನ್ನ ಮುಖ ನೋಡ್ತೀರಲ್ಲ, ಆ ಗಂಟು ಬಿಚ್ಚೋಕೆ ಮನಸ್ಸೇ ಬರಲಿಲ್ಲ ರೀ."

ಬೇರೆ ಯಾರಾದರೂ ಕರಗಿಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ಅವಳೂ ಒಂದು ಗಳಿಗೆ ಕರಗಿದಳು. ಆಮೇಲೆ ಉರಿ ಹತ್ತಿತು. ತಾನು ಇಷ್ಟು ದಿನ ಎದೆ ಬಗೆದು ಹೇಳಿದ್ದೆಲ್ಲ ಇಲ್ಲಿ ಬಾಯಿ ಕಟ್ಟಿಸಿಕೊಂಡು ಕೂತಿದೆ. ಇವನಿಗೆ ಇಷ್ಟವಾದದ್ದು ಮೇಲಿನ ಕಾಗದ!

"ಬಿಚ್ಚದ ಪುಸ್ತಕ ನಾವು ವಾಪಸ್ ತಗೋತೀವಿ. ಚೀಲ ಕೊಡಿ."

ಅವನು ತಮಾಷೆಯೆಂದುಕೊಂಡು ನಕ್ಕ. ಅವಳು ಒಂದೊಂದಾಗಿ ಇಳಿಸತೊಡಗಿದಾಗ ನಗು ನಿಂತಿತು. "ಒಂದನ್ನಾದ್ರೂ ಬಿಡಿ" ಎಂದು ಅಂಗಲಾಚಿದ. ಕೊನೆಯ ಪೊಟ್ಟಣವನ್ನು, ಆ ದರ್ಜಿಯ ಕಥೆಯನ್ನು, ಅವಳು ಮೇಜಿನ ಮೇಲಿಟ್ಟಳು.

"ಓದಿ ಬನ್ನಿ. ಆಮೇಲೆ ಮಾತು."

ಭಾರದ ಚೀಲ ಹೊತ್ತು ಬರುವಾಗಲೂ ಅವಳ ಮನಸ್ಸು ಹಗುರವಾಗಿಯೇ ಇತ್ತು, ಪಾಪ. ಓದಿ ಬಂದರೆ ಹೂಂ ಎನ್ನುವುದೆಂದು ದಾರಿಯಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ದೊಡ್ಡಂಗಡಿಗಲ್ಲ, ಅವನಿಗೆ.

ಆ ವಾರದ ನಡುವೆ ಚಿಕ್ಕಮ್ಮ ಬಂದರು. ಕೈಯಲ್ಲಿ ಕಂದು ಕಾಗದದ ಪೊಟ್ಟಣ, ಬಿಳಿ ದಾರ.

"ನೋಡೇ, ಅಲ್ಲೂ ಈಗ ನಿಮ್ಮ ಥರಾನೇ ಕಟ್ಟಿಕೊಡ್ತಾರೆ! ಸ್ವಲ್ಪ ಬೆರಳಿಡ್ತೀರಾ ಮೇಡಂ ಅಂತ ಕೇಳಿ ನಗಾಡ್ತಾರೆ ಕಣೆ. ನಂಗೆ ನಾಚಿಕೆ ಆಗೋಯ್ತು."

"ಯಾರು ಕೇಳಿದ್ದು?"

"ಯಾರಾದ್ರೇನು, ಕೌಂಟರಲ್ಲಿರೋರೆಲ್ಲ. ಎಲ್ಲರಿಗೂ ಹಾಗೇ ಕೇಳ್ಬೇಕಂತೆ, ಮ್ಯಾನೇಜರ್ ಹೇಳಿಕೊಟ್ಟಿದ್ದಾರಂತೆ. ನಗೋದನ್ನೂ."

ಅವಳು ಪೊಟ್ಟಣವನ್ನು ತಿರುಗಿಸಿ ನೋಡಿದಳು. ಗಂಟು ಸರಿಯಾಗಿಯೇ ಇತ್ತು. ಚೆನ್ನಾಗಿ ಕಲಿಸಿದ್ದ.

ಶನಿವಾರ ಅವನು ಓಡಿಕೊಂಡೇ ಬಂದ. ಗಡ್ಡ ಬೋಳಿಸಿರಲಿಲ್ಲ, ಅಂಗಿಯ ಗುಂಡಿ ಅದಲುಬದಲಾಗಿತ್ತು. ಎದೆಗೊತ್ತಿ ಹಿಡಿದಿದ್ದ ಪುಸ್ತಕದ ಮೂಲೆಗಳು ಓದಿ ಓದಿ ಮಡಚಿಕೊಂಡಿದ್ದವು.

"ಓದಿದೆ" ಎಂದ. "ಬಿಟ್ಟು ಬಿಟ್ಟು ಓದಿಲ್ಲ, ಪೂರ್ತಿ. ಅವಳು ಗುಂಡಿ ಸಡಿಲ ಬಿಡ್ತಾಳಲ್ಲ, ಅವನು ಮತ್ತೆ ಬರಲಿ ಅಂತ... ರೀ, ನೀವು ನಂಗೆ ಒಂದು ಸಲಾನೂ ದಪ್ಪ ಪುಸ್ತಕ ಕೊಡಲಿಲ್ಲ."

ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ, ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಲೆಕ್ಕದಲ್ಲಿ ಮುಳುಗಿದ್ದರು. ಅವನ ಕಣ್ಣು ತುಂಬಿತ್ತು. ಅವಳು ಇಷ್ಟು ಕಾಲ ಕಾದದ್ದು ಈ ಮಾತಿಗೇ, ಈ ಮುಖಕ್ಕೇ. ಹೂಂ ಎಂದಿದ್ದರೆ ಸಾಕಿತ್ತು. ಅವಳಿಗೆ ಹೂಂ ಅನ್ನಬೇಕೆಂದೂ ಅನಿಸಿತು. ಅದಕ್ಕಿಂತ ಹೆಚ್ಚಾಗಿ ಅವನಿಗೆ ನೋಯಬೇಕೆಂದು ಅನಿಸಿತು.

"ಓದೋ ಅಭ್ಯಾಸ ಇಲ್ಲದವರಿಗೆ ಮೊದಲು ತೆಳ್ಳಗಿರೋದನ್ನೇ ಕೊಡೋದು" ಎಂದಳು. "ಎಲ್ಲರಿಗೂ ಹಾಗೇ."

"ಎಲ್ಲರಿಗೂ?"

"ಎಲ್ಲರಿಗೂ. ನಿಮ್ಮಲ್ಲಿ ಬೆರಳಿಡಿ ಅಂತಾರಲ್ಲ, ಹಾಗೆ."

ಅವನ ಮುಖ ಇಳಿದುಹೋಯಿತು. "ನಿಮ್ಮದು ಅಂತ... ಇಷ್ಟ ಆಗಿ ಶುರು ಮಾಡಿಸಿದ್ದು. ನೀವು ಬಂದಾಗ ಖುಷಿ ಪಡ್ತೀರಾ ಅಂತ." ಅದು ನಿಜವೆಂದು ಅವಳಿಗೂ ಗೊತ್ತಾಯಿತು. ಗೊತ್ತಾದರೂ ಸುಮ್ಮನೆ ನಿಂತಳು. ಅವನು ನರಳುವುದನ್ನು ನೋಡುವುದು ಹಿತವಾಗಿತ್ತು, ಏನು ಮಾಡುವುದು?

ಅವನು ಕೈಯಲ್ಲಿದ್ದ ಪುಸ್ತಕದ ಮಡಚಿದ ಮೂಲೆಯೊಂದನ್ನು ನೇರ ಮಾಡಿದ. "ಹಾಗಿದ್ರೆ ಇವತ್ತು ದಪ್ಪದ್ದೇ ಕೊಡಿ. ನಿಮ್ಮಲ್ಲಿರೋದರಲ್ಲೆಲ್ಲ ದಪ್ಪದ್ದು."

ಈ ಮಾತಷ್ಟೇ ಅಪ್ಪನ ಕಿವಿಗೆ ಬಿದ್ದದ್ದು. ಅವರು ಎಳೆಹುಡುಗನಂತೆ ಏಣಿ ಹತ್ತಿ, ಮೇಲಿನ ಸಾಲಿನ ಹೆಬ್ಬೊತ್ತಿಗೆಯನ್ನು ಇಳಿಸಿ, ಊದಿ, ಧೂಳಿಗೆ ತಾವೇ ಸೀನಿದರು. ಓದಿ ಮುಗಿಸಲು ವರ್ಷ ಸಾಲದು. ಅವಳು ಕಾಗದ ಸುತ್ತಿ ದಾರ ಹಾಯಿಸಿದಳು. ರೂಢಿಯಂತೆ ಅವನ ಬೆರಳು ಮುಂದೆ ಬಂತು.

"ಅಪ್ಪಾ, ಸ್ವಲ್ಪ ಬೆರಳಿಡಿ" ಎಂದಳು.

ಅಪ್ಪ ಬೆರಳಿಟ್ಟರು, ಸರಿಯಾದ ಹೊತ್ತಿಗೆ ಎಳೆದುಕೊಂಡರು. ಅವಳು ಕೈ ನೋಯುವಷ್ಟು ಬಿಗಿದಳು. ಅವನು ಪೊಟ್ಟಣ ಎತ್ತಿಕೊಂಡು, ಮೆಟ್ಟಿಲಲ್ಲಿ ಒಮ್ಮೆ ನಿಂತು, ತಿರುಗದೆ ಇಳಿದುಹೋದ. ಅಲ್ಲಿಯವರೆಗೆ ಅವಳಿಗೆ ಗೆದ್ದ ಹಾಗಿತ್ತು.

ಅಪ್ಪ ಕೈಯ ಧೂಳು ಕೊಡವಿಕೊಳ್ಳುತ್ತ ನಕ್ಕರು.

"ಆವತ್ತೇ ಹೇಳಿಲ್ವಾ ನಾನು, ಆ ಹುಡುಗನಿಗೆ ದಪ್ಪದ್ದು ಕೊಡು ಅಂತ?"

"ಹೌದಪ್ಪಾ" ಎಂದಳು ಅವಳು. "ಹೇಳಿದ್ರಿ."