ಉಪ್ಪಿನ ನೇಮ

ಆಬಾಸಾಹೇಬ ಗೌಡ್ರು ತಾಟಿನ ಮೂಲ್ಯಾಗಿನ ಉಪ್ಪನ್ನ ಬೆರಳಿಲೆ ಹೊರಗ ದೂಡಿದ್ರು.

"ಇವತ್ತಿಂದ ನನಗ ಉಪ್ಪು ತ್ಯಾಗ," ಅಂದ್ರು. "ಬಸದ್ಯಾಗ ಮುನಿಗಳ ಮುಂದ ಕೈಮುಗದು ನೇಮ ತಗೊಂಡು ಬಂದೇನಿ. ಈ ಪಾರಿಸ ತಾ ಬರದದ್ದು ಸುಳ್ಳು ಅಂತ ನಾಕು ಮಂದ್ಯಾಗ ಒಪ್ಪೂತನಕ ನನ್ನ ನಾಲಿಗಿಗೆ ಉಪ್ಪು ಹತ್ತೂದಿಲ್ಲ."

ಎದುರಿಗೆ ಕುಂತಿದ್ದ ಅಳಿಯ ಪಾರಿಸನ ಕೈಯಾಗಿನ ತುತ್ತು ಅಲ್ಲೇ ನಿಂತಿತು. ಬಡಸಾಕತ್ತಿದ್ದ ಮಗಳು ರಾಜಮತಿ ಅಪ್ಪನ ಮಾರಿ ನೋಡಿದ್ಲು, ಗಂಡನ ಮಾರಿ ನೋಡಿದ್ಲು, ಕಡೀಕ ಕೈಯಾಗಿನ ಪಲ್ಲೆ ನೋಡಿಕೋತ ನಿಂತ್ಲು. ಹೊರಗ ಹೊತ್ತು ಇಳ್ಯಾಕತ್ತಿತ್ತು. ಜೈನರ ಮನಿ, ಹೊತ್ತು ಮುಳುಗಿದ ಮ್ಯಾಲ ಒಂದು ಅಗಳೂ ಬಾಯಾಗ ಹೋಗೂದಿಲ್ಲ. ಅವತ್ತು ಮಾತು ಉದ್ದಾತು. ಸೂರ್ಯ ಯಾರ ಸಲುವಾಗಿ ನಿಂದ್ರತಾನ? ತನ್ನ ಪಾಡಿಗೆ ತಾ ಹ್ವಾದ. ಇಡೀ ಮನಿ ಉಪಾಸ ಬಿತ್ತು.

ಗೌಡ್ರು ಎಂಥವ್ರು ಅಂತ ಮೊದಲ ಹೇಳಬೇಕು. ಉಗಾರ ಬುದ್ರುಕದ ಆಚೀಕಡೆ ಅವರ ಊರು. ಅವರ ಕಬ್ಬಿನ ಹೊಲ ಎಂಥಾದ್ದಂದ್ರ, ಒಳಗ ಹೊಕ್ಕ ಎತ್ತು ಹೊರಗ ಬರೂದ್ರಾಗ ಮುದಿ ಆಗಿರತಿತ್ತು. ಅವರು ಇಲ್ಲಿ ಕೆಮ್ಮಿದ್ರ ಚಿಕ್ಕೋಡಿ ಬಸ್ ಸ್ಟ್ಯಾಂಡಿನಾಗ ಕೊಲ್ಲಾಪುರದ ಬಸ್ಸು ತಾನ ಹಿಂದ ಸರೀತಿತ್ತು, ಕಂಡವ್ರು ಇನ್ನೂ ಅದಾರ. ಇಂಥಾ ಗೌಡ್ರಿಗೆ ಬೀಪಿ ಐತಿ, ಉಪ್ಪು ಬಿಡ್ರಿ ಅಂತ ಡಾಕ್ಟರು ವರ್ಷಾನುಗಟ್ಟಲೆ ಹೇಳಿ ಸೋತು, ತಾವ ಗುಳಿಗಿ ನುಂಗಾಕ ಹತ್ತಿದ್ರು. ಡಾಕ್ಟರ ಕೈಲೆ ಆಗದ್ದನ್ನ ಇತಿಹಾಸ ಮಾಡಿತು.

ಇತಿಹಾಸ ಅಂದ್ರ ಒಂದು ಬಾವಿ. ಬರಗಾಲದಾಗ ಗೌಡ್ರ ಮೂಲಪುರುಷ ತವನಪ್ಪ ಗೌಡ ತೋಡಿಸಿದ ಬಾವಿ, ಎಲ್ಲಾ ಜಾತ್ಯಾವ್ರಿಗೂ ನೀರು ಕೊಟ್ಟ ಪುಣ್ಯಾತ್ಮ ಅಂವ, ಪಾವಟಿಗಿ ಮ್ಯಾಲಿನ ಕಲ್ಲಿನಾಗ ಅದನ್ನ ಕೆತ್ಯಾರ ಅಂತ ಊರಿಗೆ ಊರ ಹೇಳತಿತ್ತು. ಹಳೇ ಅಕ್ಷರ, ಓದಿದವ್ರು ಯಾರೂ ಇಲ್ಲ. ಓದೂದು ಯಾಕ, ಗೊತ್ತ ಐತೆಲ್ಲ? ದೀಪಾವಳಿ ಪಾಡ್ಯಕ್ಕ ಗೌಡ್ರ ಮನಿ ಹೆಣಮಕ್ಕಳು ಆ ಕಲ್ಲಿಗೆ ಅರಿಶಿಣ ಕುಂಕುಮ ಹಚ್ಚಿ, ಎಣ್ಣಿ ಬಿಟ್ಟು, ಹೋಳಿಗಿ ಎಡಿ ತೋರಸತಿದ್ರು. ಚಿಕ್ಕೋಡ್ಯಾಗ ಗೌಡ್ರು ಕಟ್ಟಿಸಿದ ಕಾಲೇಜಿಗೂ ತವನಪ್ಪನ ಹೆಸರ. ಇಲೆಕ್ಷನ್ ಭಾಷಣಕ್ಕೂ ಅವನ ಬಾವಿ.

ಪಾರಿಸ ಗೌಡ್ರ ತಂಗಿ ಮಗ. ಸಣ್ಣಂವ ಇದ್ದಾಗ ತಾಯಿ ಸತ್ತಳು, ಗೌಡ್ರ ಹೆಂಡತಿ ಕಾಶಿಬಾಯಿ ತುತ್ತು ಮಾಡಿ ಉಣಿಸಿ ಬೆಳೆಸಿದ್ಲು. ಗೌಡ್ರು ಧಾರವಾಡದಾಗ ಓದಿಸಿದ್ರು, ಮಗಳನ್ನ ಕೊಟ್ರು, ತಮ್ಮ ಕಾಲೇಜಿನಾಗ ಇತಿಹಾಸದ ಮಾಸ್ತರಕಿ ಕೊಟ್ರು. ಪರ್ಮನಂಟ್ ಆಗೂದೊಂದು ಬಾಕಿ, ಕಮಿಟ್ಯಾವ್ರು ಸಹಿ ಹಾಕಿದ್ರ ಮುಗೀತು. ಅಷ್ಟರಾಗ ಈ ಮಹರಾಯ ಆ ಕಲ್ಲಿನ ಎಣ್ಣಿ ಜಿಡ್ಡು ತಿಕ್ಕಿ ತೊಳದು, ಅದನ್ನ ಓದಿ, ಧಾರವಾಡದ ಪತ್ರಿಕ್ಯಾಗ ಬರದ. ಬಾವಿ ತೋಡಿದವ್ರು ಊರ ಹೊರಗಿನ ಕೇರಿಯವ್ರು. ನೀರು ಬಿದ್ದ ದಿನದಿಂದ ಅವರು ಪಾವಟಿಗಿ ಇಳೀಬಾರದು, ಇಳದವ್ರಿಗೆ ಚಾಟಿ ಏಟು, ಇದು ಗೌಡನ ಅಪ್ಪಣೆ. ಕಲ್ಲಿನಾಗ ಇದ್ದದ್ದು ಇಷ್ಟ. ಗೌಡ್ರ ಮನ್ಯಾವ್ರು ತಲಿತಲಾಂತರ ಹೋಳಿಗಿ ತೋರಿಸಿದ್ದು ಚಾಟಿಗೆ.

ಎಂಬತ್ತಾರನೇ ಇಸ್ವಿ ಅದು. ಜಿಲ್ಲಾ ಪರಿಷತ್ತಿನ ಇಲೆಕ್ಷನ್ ಮುಂದ ಇತ್ತು. ಗೌಡ್ರು ಭಾಷಣದಾಗ ಬಾವಿ ತನಕ ಬಂದಿದ್ರು, ಕೇರಿಯ ಮಲಕಾರಿ ಎದ್ದು ನಿಂತು, ಗೌಡ್ರ, ಆ ಕಲ್ಲೊಂದು ಓದಿ ತೋರಸ್ರಿ ಅಂದ. ಬಾಳ ಮರ್ಯಾದಿಲೆ ಅಂದ, ಅದಕ್ಕ ಹೆಚ್ಚು ಹತ್ತಿತು. ಮರುದಿನ ಗೌಡ್ರು ಬಸದಿಗೆ ಹ್ವಾದ್ರು. ಚಾತುರ್ಮಾಸಕ್ಕ ಬಂದಿದ್ದ ಮುನಿಗಳು ಯಾಕಪಾ ಅಂತ ಕೇಳಲಿಲ್ಲ. ಉಪ್ಪು ಬಿಡಾವ್ನ ಯಾರು ಬ್ಯಾಡ ಅಂತಾರ?

ಗಂಡ ಬಿಟ್ಟದ್ದನ್ನ ಕಾಶಿಬಾಯಿನೂ ಬಿಟ್ಲು. ಅಡಗಿ ಸಪ್ಪಗಾತು. ಬೀಗರು ಬರೂದು ನಿಂತಿತು, ಮನ್ಯಾಗಿನ ಇಲಿ ಮಗ್ಗಲ ಮನಿಗೆ ಸಂಸಾರ ಎತ್ತಿದ್ವು. ಆದ್ರ ಪಾರಿಸನ ತಾಟಿನ ಮಗ್ಗಲಕ ಕಾಶಿಬಾಯಿ ತಪ್ಪದ ಉಪ್ಪಿನ ಬಟ್ಟಲ ಇಡತಿದ್ಲು. ನೀ ತಿನ್ನಪಾ, ನಿಂದೇನು ನೇಮ ಅಲ್ಲ ಅಂತಿದ್ಲು. ಅಂವ ತಿಂತಿದ್ದ. ಆಕಿ ನೋಡಿಕೋತ ಸಪ್ಪನ ಅನ್ನ ನುಂಗತಿದ್ಲು. ರಾಜಮತಿ ಒಳಗ ಒಲಿ ಮುಂದ ಕುಂತು ಹೊಗಿ ನೆವದಲೆ ಕಣ್ಣು ಒರಸಕೋತಿದ್ಲು... ಅಪ್ಪಂದು ಹಟ, ಗಂಡಂದು ಖರೇ, ನಡುವ ಅವ್ವ ಒಬ್ಬಾಕಿ ಒಣಗಾಕತ್ತಾಳ.

ಮಾಘ ಮಾಸದಾಗ ಒಂದು ಮುಂಜಾನೆ ಕಾಶಿಬಾಯಿ ರೊಟ್ಟಿ ಬಡಿಯೂದ್ರಾಗ ಹಿಟ್ಟಿನ ಮ್ಯಾಲ ಬಿದ್ಲು. ಜೀಪಿನಾಗ ಹಾಕ್ಕೊಂಡು ಮಿರಜಿಗೆ ಓಡಿದ್ರು. ಮೈಯಾಗ ಉಪ್ಪಿನ ಅಂಶ ಇಲ್ಲ, ಜೀವಕ್ಕ ಧೋಕಾ ಐತಿ ಅಂದ್ರು ಡಾಕ್ಟರು. ಸಲಾಯನ್ ಏರಿಸಿದ್ರು. ಇದ್ರಾಗ ಏನೈತಿ ತಂಗಿ ಅಂತ ಕಾಶಿಬಾಯಿ ಕೇಳಿದ್ಲು. ಉಪ್ಪಿನ ನೀರು, ಅಜ್ಜಿ ಅಂತ ನರ್ಸ್ ಖರೇ ಹೇಳಿಬಿಟ್ಲು. ಕಾಶಿಬಾಯಿ ಮೆಲ್ಲಕ ಸೂಜಿ ಕಿತ್ತು ಆಕಿ ಕೈಯಾಗ ಕೊಟ್ಟು, ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು.

ಪಾರಿಸ ಹಾಸಿಗಿ ಮಗ್ಗಲಕ ಕುಂತ. "ಅತ್ತಿ, ನಿಮ್ಮ ಕಾಲು ಬೀಳತೀನಿ, ಹಚ್ಚಿಸಿಕೊಳ್ರಿ."

"ಅವ್ರು ತಗೊಂಡ ಮ್ಯಾಲ ನಾನು," ಅಂದ್ಲು ಕಾಶಿಬಾಯಿ. ಆಮ್ಯಾಲ ಅವನ ಕೈ ಹುಡುಕಿ ಹಿಡಕೊಂಡ್ಲು. "ನೀ ಓದಿದ್ದು ಖರೇನ ಇರಬೇಕಪಾ. ಆದ್ರ ಕಲ್ಲು ಅಲ್ಲೇ ಇರತೈತಿ. ಎಲ್ಲಿ ಹೋಗತೈತಿ ಅದು?"

ಗೌಡ್ರು ವರಾಂಡದಾಗ ನಿಂತಿದ್ರು. ಒಳಗ ಬರಲಿಲ್ಲ. ನೇಮ ಮುರದ್ರ ಮುನಿಗಳಿಗೆ ಏನು ಮಾರಿ ತೋರಸಲಿ ಅಂತ ಕಂಬಕ್ಕ ಹೇಳಿಕೋತ ಅತ್ತರು. ಕಂಬ ಏನೂ ಅನ್ನಲಿಲ್ಲ.

ಮರುದಿನ ಪಾರಿಸ ಕಾಲೇಜಿಗೆ ಹೊಂಟ. ಕಮಿಟಿ ಸೇರಿತ್ತು. ಆಸ್ಪತ್ರಿ ಪಾವಟಿಗಿ ಮ್ಯಾಲ ರಾಜಮತಿ ಅಡ್ಡ ನಿಂತ್ಲು. "ಸುಳ್ಳು ಅನಬ್ಯಾಡ್ರಿ. ಓದಾಕ ತಪ್ಪಿತು ಅನ್ರಿ."

"ಸುಳ್ಳು ಅನ್ನೂತನಕ ಅಂದಾರ ಮಾಮಾ. ನೇಮಕ್ಕ ತಪ್ಪು ನಡ್ಯೂದಿಲ್ಲ, ಸುಳ್ಳ ಬೇಕು."

ಹ್ವಾದ. ನಾಕು ಮಂದ್ಯಾಗ ನಿಂತು, ನಾ ಬರದದ್ದು ಸುಳ್ಳು ಅಂದ. ಅಷ್ಟ. ಗೌಡ್ರು ಕುರ್ಚ್ಯಾಗ ಕುಂತು ಕೇಳಿದ್ರು. ಸಾಯಂಕಾಲ ಹೊತ್ತು ಮುಳುಗೂದ್ರೊಳಗ ಮಿರಜಿಗೆ ಹೋಗಿ ಹೆಂಡತಿ ಕಣ್ಣಮುಂದ ಒಂದು ಚಿಟಿಕಿ ಉಪ್ಪು ನಾಲಿಗಿ ಮ್ಯಾಲ ಇಟ್ಟುಕೊಂಡ್ರು. ಕಾಶಿಬಾಯಿ ಕೈ ಚಾಚಿ ಸೂಜಿ ಹಚ್ಚಿಸಿಕೊಂಡ್ಲು. ಬದುಕಿದ್ಲು.

ಮುಂದಿನ ಕಮಿಟ್ಯಾಗ ಪಾರಿಸನ ಪರ್ಮನಂಟ್ ವಿಷಯ ಬಂತು. ಭಾವುಸಾಹೇಬ ಅಂತ ಒಬ್ರು ಮೆಂಬರು, ಗೌಡ್ರ ಮ್ಯಾಲ ಒಳಗಿಂದೊಳಗ ಹಲ್ಲು ಕಡೀತಿದ್ದವ್ರು. ಅಡಕಿ ಕತ್ತರಸಕೋತ ಅವರು ಕೇಳಿದ್ರು:

"ಇತಿಹಾಸ ಸುಳ್ಳ ಬರದೀನಿ ಅಂತ ತಾನ ಒಪ್ಪಿಕೊಂಡಂವಗ ಇತಿಹಾಸ ಕಲಸಾಕ ಪರ್ಮನಂಟ್ ಮಾಡೂದು ಹೆಂಗ್ರೀ ಗೌಡ್ರ? ಮಂದಿ ಏನಂದಾರು?"

ಎಲ್ಲಾರೂ ಗೌಡ್ರನ್ನ ನೋಡಿದ್ರು. ಅಲ್ಲ, ಅಂವ ಖರೇ ಬರದಿದ್ದ ಅನ್ನಬೇಕಾಗಿತ್ತು, ಇಲ್ಲಾ ಸುಮ್ಮನಿರಬೇಕಾಗಿತ್ತು. ಕೆಮ್ಮಿದ್ರ ಬಸ್ಸು ಹಿಂದ ಸರಸಾವ್ರು ಅವತ್ತು ಕೆಮ್ಮಲಿಲ್ಲ. ನೌಕರಿ ಹೋತು. ಇಲೆಕ್ಷನ್ನೂ ಹೋತು. ಅಕ್ಷರ ಕಾಣದಂಗ ಬಾವಿ ಕಲ್ಲಿನ ಮ್ಯಾಲ ಗೌಡ್ರು ಫರಸಿ ಹಾಕಿಸಿದ್ರು. ಪಾಡ್ಯಕ್ಕ ಈಗ ಫರಸಿಗೆ ಹೋಳಿಗಿ.

ಪಾರಿಸ, ರಾಜಮತಿ ಇಬ್ಬರೂ ನಿಪ್ಪಾಣ್ಯಾಗ ಬಾಡಿಗಿ ಖೋಲಿ ಹಿಡದ್ರು. ತಂಬಾಕಿನ ವಖಾರದಾಗ ಪಾರಿಸ ಲೆಕ್ಕ ಬರೀತಿದ್ದ. ಹೊತ್ತು ಮುಳುಗೂದ್ರೊಳಗ ಮನಿಗೆ ಬರತಿದ್ದ, ಇಬ್ಬರೂ ಉಣತಿದ್ರು. ಹಿಂಗ ಎಷ್ಟೋ ವರ್ಷ ಹ್ವಾದ್ವು. ಒಂದು ಸಂಜೀಕ ತನ್ನ ತಾಟಿನಾಗಿನ ಪಲ್ಲೆ ತೀರಿತು ಅಂತ ಹೆಂಡತಿ ತಾಟಿಗೆ ಕೈ ಹಾಕಿ ಬಾಯಾಗ ಇಟ್ಟ. ಸಪ್ಪಗ ಇತ್ತು. ಅನ್ನ ನೋಡಿದ, ಸಪ್ಪಗ. ಆಕಿ ಮಾರಿ ನೋಡಿದ.

"ಎಂದಿನಿಂದ?"

"ನೀವು ಕಮಿಟಿಗೆ ಹ್ವಾದ ದಿನದಿಂದ," ಅಂದ್ಲು ರಾಜಮತಿ. "ಅವ್ವನ್ನ ಬಿಟ್ಟು ಬಸದಿಗೆ ಹೋಗಿದ್ದೆ. ನನ್ನ ಗಂಡ ಅದು ಖರೇ ಅಂತ ಮತ್ತ ಹೇಳೂತನಕ ಅಂತ ನೇಮ ತಗೊಂಡೆ."

ಪಾರಿಸ ಆಕಿ ಕಡೆ ತಿರುಗಿ ಕುಂತ. "ಈಗ ಹೇಳತೀನಿ ತಗೋ. ಅದು ಖರೇ..."

"ಇಲ್ಲೆ ಖೋಲ್ಯಾಗಲ್ಲ. ಎಲ್ಲಿ ಸುಳ್ಳು ಅಂದ್ರಿ, ಆ ನಾಕು ಮಂದ್ಯಾಗ."

ಅಲ್ಲಿ ಹೋಗಿ ಖರೇ ಅಂದ್ರ ಗೌಡ್ರ ನೇಮ ಮತ್ತ ಎದ್ದು ಕೂಡತೈತಿ. ಗೌಡ್ರು ಬಿಟ್ರ ಕಾಶಿಬಾಯಿ ಬಿಡತಾಳ. ಆಕೀಗೆ ಈಗ ಎಪ್ಪತ್ತರ ಹತ್ತರ. ರಾಜಮತಿಗೂ ಇದು ಗೊತ್ತಿತ್ತು, ನೇಮ ತಗೊಳ್ಳುಮುಂದೂ ಗೊತ್ತಿತ್ತು. ಅದಕ್ಕ ಅಡಗಿಗೆ ಉಪ್ಪು ಹಾಕೂ ಮೊದಲ ತನ್ನ ಪಾಲು ತಗದಿಟ್ಟುಕೋತ, ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಪಾರಿಸ ತನ್ನ ಮುಂದಿನ ಉಪ್ಪಿನ ಬಟ್ಟಲ ದೂರ ಸರಿಸಿದ. ರಾಜಮತಿ ಅದನ್ನ ಎತ್ತಿ ಮತ್ತ ಅವನ ಮಗ್ಗಲಕ ಇಟ್ಲು. ಸಿಟ್ಟಿಲ್ಲ, ಏನಿಲ್ಲ, ಥೇಟ್ ತಾಯಿ ಇಟ್ಟಂಗ.

"ನೀವು ತಿನ್ರಿ," ಅಂದ್ಲು. "ನಿಮ್ಮದೇನು ನೇಮ ಅಲ್ಲ."

ಕಿಡಕ್ಯಾಗಿಂದ ಬಿಸಿಲು ತಾಟಿನ ಅಂಚಿಗೆ ಬಂದಿತ್ತು. ಇನ್ನ ಬಾಳ ಹೊತ್ತು ಇರಲಿಲ್ಲ. ಪಾರಿಸ ಒಂದು ಚಿಟಿಕಿ ಉಪ್ಪು ತಗೊಂಡ, ಅನ್ನಕ್ಕ ಕಲಸಿದ, ಉಂಡ.