ಐದು ಗಂಟೆಯ ಬಿಸಿನೀರು

ಆ ದಿನ ಬೆಳಿಗ್ಗೆ ಐದಕ್ಕೆ ನಲ್ಲಿಯಲ್ಲಿ ತಣ್ಣೀರು ಬಂತು. ತ್ರಿವೇಣಿ ಬಕೆಟ್ಟಿನೊಳಗೆ ಕೈಯಿಟ್ಟು ಹಾಗೆಯೇ ಕೂತುಬಿಟ್ಟಳು. ಗಂಡ ಹಾಲೇಶ್ ಹೋದ ಮೇಲೆ ಒಂದು ಬೆಳಿಗ್ಗೆಯೂ ಹೀಗಾಗಿರಲಿಲ್ಲ.

ಕಮಲಾಪುರದ ಅವರ ಗೆಸ್ಟ್ ಹೌಸಿನ ಎಲ್ಲ ಕೋಣೆಗಳಿಗೂ ತಾರಸಿಯ ಒಂದೇ ಬಾಯ್ಲರಿನಿಂದ ಬಿಸಿನೀರು. ಅದು ಹೊತ್ತಿಗೆ ಸರಿಯಾಗಿ ಆನ್ ಆಗಿ ಆಫ್ ಆಗಲೆಂದು ಹೊರಗಿನ ಮೆಟ್ಟಿಲ ಗೋಡೆಯಲ್ಲೊಂದು ಹಳೆಯ ಟೈಮರು. ಗಡಿಯಾರದಂಥ ಮುಖ, ಸುತ್ತ ಸಣ್ಣ ಹಲ್ಲುಗಳು. ಅತಿಥಿಗಳನ್ನು ಸೂರ್ಯೋದಯಕ್ಕೆ ಮಾತಂಗ ಬೆಟ್ಟ ಹತ್ತಿಸುತ್ತಿದ್ದ ಹಾಲೇಶ್ ಅದನ್ನು ಐದು ಗಂಟೆಗೆ ನೀರು ಕಾದಿರುವಂತೆ ಇಟ್ಟಿದ್ದ. ಆಮೇಲೆ ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಯೊಂದು ಅವನ ಬೈಕಿನ ಮೇಲೆ ಹರಿಯಿತು.

ಅವನಿಟ್ಟ ಐದು ಗಂಟೆ ಮಾತ್ರ ನಡೆದೇ ಇತ್ತು. ದಿನವೂ ಆ ಹೊತ್ತಿಗೆ ಎದ್ದು ಅವಳು ಬಿಸಿನೀರಿನಲ್ಲಿ ಕೈಯಿಡುತ್ತಿದ್ದಳು. ಉಳಿದ ದಿನ ಹೇಗೋ ಕಳೆಯುತ್ತಿತ್ತು.

ಅತ್ತೆ ಮರುಳಸಿದ್ದಮ್ಮ ಫೋನ್ ಮಾಡಿ ಲಿಂಗರಾಜನನ್ನು ಕರೆಸಿದರು. ಹಂಪಿಯ ಗೆಸ್ಟ್ ಹೌಸುಗಳ ವೈರಿಂಗ್ ಕೆಲಸ ಮಾಡುವವನು, ಹಾಲೇಶನ ಜೊತೆ ಶಾಲೆಯಲ್ಲಿ ಓದಿದವನು.

“ಲೇ ಲಿಂಗಾ, ಮ್ಯಾಲಿನ ರೂಮಿನ ಫಾರಿನ್ನಾಕಿ ಟವೆಲ್ ಸುತ್ಗೊಂಡು ನನ್ನ ಅಡಿಗಿಮನಿಗೇ ಬಂದಿದ್ಲು. ಜಲ್ದಿ ನೋಡಪಾ.”

“ನೀವು ಇಂಗ್ಲಿಷ್‌ನ್ಯಾಗ ಏನಂದ್ರಿ ಅಮ್ಮಾ?”

“ಏನಂತೀನಿ? ಚಾ ಕೊಟ್ಟೆ. ಕುಡದ್ಲು, ನಕ್ಕಳು, ಹೋದ್ಲು.”

ತ್ರಿವೇಣಿ ನಕ್ಕಳೇನೋ ಎಂದು ಲಿಂಗರಾಜ ಓರೆಗಣ್ಣಲ್ಲಿ ನೋಡಿದ. ಅವಳು ಗೋಡೆ ನೋಡುತ್ತಿದ್ದಳು.

ಮೆಟ್ಟಿಲ ಮೇಲೆ ನಿಂತು ಅವನು ಟೈಮರಿನ ಮುಚ್ಚಳ ಬಿಚ್ಚಿದ. ತುಟಿಗಳ ನಡುವೆ ಸ್ಕ್ರೂಗಳನ್ನು ಕಚ್ಚಿಕೊಂಡಿದ್ದ. ಅವಳು ಅಂಗೈ ಚಾಚಿದಳು. ಒಂದೊಂದಾಗಿ ಅದರಲ್ಲಿಟ್ಟ. ಅವು ಬೆಚ್ಚಗಿದ್ದವು. ಏಕೆಂದು ತಿಳಿಯದೆ ಅವಳು ಮುಷ್ಟಿ ಮುಚ್ಚಿದಳು.

“ಒಳಗ ಪಾಯಿಂಟ್ ಸುಟ್ಟೈತ್ರಿ. ಹೊಸದು ಹಾಕಬೇಕು.”

“ರಿಪೇರಿ ಮಾಡ್ರಿ.”

“ಇದರ ಸಾಮಾನು ಈಗ ಸಿಗಂಗಿಲ್ಲ.”

“ಹೊಸದು ಬ್ಯಾಡ. ಇದು ಅವರಿಟ್ಟ ಟೈಮು. ಎಷ್ಟು ಸಲ ಕರೆಂಟ್ ಹೋಗೈತಿ, ಒಂದಿನಾನೂ ಇದು ತಪ್ಪಿಲ್ಲ.”

ಲಿಂಗರಾಜ ಕಣ್ಣು ತಗ್ಗಿಸಿದ. ಸ್ಕ್ರೂಡ್ರೈವರನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟ.

ಆ ತಗ್ಗಿದ ಕಣ್ಣುಗಳನ್ನು ನೋಡಿ ಅವಳಿಗೆ ತಿಳಿದುಹೋಯಿತು. ಕರೆಂಟು ಹೋದರೆ ಈ ಚಕ್ರ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ತಿರುಗುತ್ತದೆ. ಪ್ರತಿ ಸಲವೂ ಯಾರಾದರೂ ಬಂದು ಸರಿಯಾದ ಹೊತ್ತಿಗೆ ತಿರುಗಿಸಿ ಇಡಬೇಕು. ಹಾಲೇಶ್ ಗೊಣಗುತ್ತಾ ಇಡುತ್ತಿದ್ದ. ಅವಳಿಗಿದು ಗೊತ್ತಿಲ್ಲದ್ದೇನಲ್ಲ. ಈ ಒಂದು ವರ್ಷ ಅದನ್ನು ನೆನೆಯಲು ಹೋಗಿರಲಿಲ್ಲ, ಅಷ್ಟೆ.

“ಇಷ್ಟು ದಿನ ತಿರುಗಿಸಿ ಇಟ್ಟಿದ್ದು ನೀವಾ?”

“ಹೊರಗಿನ ಮೆಟ್ಲು. ಹತ್ತಾಕ ಯಾರನ್ನ ಕೇಳಬೇಕ್ರಿ?”

“ನೀರಿನ ಮೋಟರ್ ನೋಡಾಕ ಬಂದೆ ಅಂತಿದ್ರಿ.”

“ಆ ಮೋಟರ್‌ಗೆ ಏನಾಗೈತ್ರಿ? ಅಷ್ಟು ಸಲ ನೋಡಿದ್ದಕ್ಕ ಅದಕ್ಕೂ ನಾಚಿಕಿ ಬಂದಿರ್ತೈತಿ.”

ಅವಳು ನಗಲು ಹೋಗಿ ಮುಷ್ಟಿ ಇನ್ನಷ್ಟು ಬಿಗಿಮಾಡಿದಳು.

“ಯಾಕ ಬರ್ತಿದ್ರಿ?”

“ಮೊದ್ಲು ಹಾಲೇಶನ ಸಲುವಾಗಿ.” ಅವನು ಅವಳ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದ. “ಆಮ್ಯಾಲ, ನೀವು ಬಟ್ಟಿ ಒಣಗ ಹಾಕಾಕ ಯಾವಾಗ ಮ್ಯಾಲ ಬರ್ತೀರಿ ಅಂತ ಗೊತ್ತಾತು. ಹೊಸ ಟೈಮರ್ ತಂದು ಭಾಳ ದಿನ ಆತ್ರಿ, ಚೀಲದಾಗ ಐತಿ. ಅದನ್ನ ಹಾಕಿಬಿಟ್ರ ನನಗ ಇಲ್ಲಿ ಏನು ಕೆಲಸ?”

ಹಾಲೇಶ್ ಇದ್ದಾಗ ಬೀದಿಯಿಂದಲೇ ‘ಅತ್ತಿಗಿ, ಚಾ’ ಎಂದು ಕೂಗುತ್ತಿದ್ದವನು. ಈಚೆಗೆ ಅವಳನ್ನು ಏನೆಂದೂ ಕರೆದೇ ಇಲ್ಲವೆಂಬುದು ತ್ರಿವೇಣಿಗೆ ಈಗ ಹೊಳೆಯಿತು.

“ನಾನು ಅವರು ಅಂತ ತಿಳ್ಕೊಂಡಿದ್ದೆ,” ಎಂದಳು. “ದಿನಾ ಆ ನೀರಾಗ ಕೈ ಇಟ್ಟು, ಅವರು ಅಂತ.”

ಅವನ ಮುಖ ಬಿಳಿಚಿತು. “ಅದು ನನಗ ಗೊತ್ತಿರ್ಲಿಲ್ಲ.”

“ಈಗ ಅದೂ ಹೋತು.”

“ನಾನು ಬರ್ತೀನಲ್ರಿ. ಟೈಮರ್ ನೆವಾ ಬ್ಯಾಡ. ಎಲ್ಲರೆದುರಿಗೇ ಬಂದು, ಅಮ್ಮನ್ನೂ ಕೇಳ್ತೀನಿ. ನೀವು ಹ್ಞೂಂ ಅಂದ್ರ.”

ಕೆಳಗೆ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು. ತ್ರಿವೇಣಿ ಆ ಕಡೆಗೊಮ್ಮೆ ನೋಡಿದಳು.

“ಬ್ಯಾಡ್ರಿ. ನೀವು ಬಂದಾಗೊಮ್ಮೆ ಅವರಿಲ್ಲ ಅನ್ನೋದು ನನಗ ಹೊಸದಾಗಿ ಗೊತ್ತಾಗ್ತೈತಿ. ನನ್ನ ಕೈಲಿ ಆಗಂಗಿಲ್ಲ.”

ಅವನು ತಲೆಯಾಡಿಸಿದ. ಚೀಲದಿಂದ ಹೊಸ ಟೈಮರನ್ನು ತೆಗೆದು ಜೋಡಿಸಿದ. ಅದಕ್ಕೆ ಮುಳ್ಳಿಲ್ಲ, ಚಕ್ರವಿಲ್ಲ, ಬೂದುಬಣ್ಣದ ಅಂಕಿಗಳಷ್ಟೇ. ಅವಳು ಮುಷ್ಟಿ ಬಿಚ್ಚಿದಳು. ಸ್ಕ್ರೂಗಳ ಅಚ್ಚು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಬೆರಳು ತಾಗದಂತೆ ಅವನ್ನು ಒಂದೊಂದಾಗಿ ಎತ್ತಿಕೊಂಡ.

“ಎಷ್ಟಕ್ಕ ಇಡ್ಲಿ?”

“ಐದಕ್ಕ.”

“ಇದರಾಗ ಬ್ಯಾಟ್ರಿ ಐತಿ. ಕರೆಂಟ್ ಹೋದ್ರೂ ಟೈಮ್ ತಪ್ಪಂಗಿಲ್ಲ.” ಹಳೆಯದನ್ನು ಒರೆಸಿ ಅವಳ ಕೈಗೆ ಕೊಟ್ಟ. ಮೆಟ್ಟಿಲಿಳಿದು, ತಿರುಗಿ ನೋಡದೆ ಹೇಳಿದ: “ಬರ್ತೀನ್ರಿ, ಅತ್ತಿಗಿ.”

ಹಾಗೆ ಕರೆಯಬೇಡಿ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಬೈಕು ಶುರುವಾಗಿತ್ತು.

ಅದೇ ವಾರ, ಅವಳು ತಾರಸಿಯಲ್ಲಿ ಬಟ್ಟೆ ಹರವುತ್ತಿರುವಾಗ ಕರೆಂಟು ಹೋಯಿತು. ಪಕ್ಕದ ಮನೆಯ ಮಿಕ್ಸರ್ ಥಟ್ಟನೆ ನಿಂತಿತು. ತ್ರಿವೇಣಿ ಕೈಯಲ್ಲಿದ್ದ ಒದ್ದೆ ಸೀರೆಯ ಸಮೇತ ಇಳಿದು ಬಂದು ಟೈಮರಿನ ಮುಂದೆ ನಿಂತಳು.

ಬೀದಿಯಲ್ಲಿ ಒಂದು ಬೈಕು ಬಂತು. ಅವಳು ಸೆರಗು ಸರಿಮಾಡಿಕೊಂಡಳು. ಅದು ನಿಲ್ಲದೆ ಹಂಪಿಯ ಕಡೆ ಹೋಯಿತು.

ಮಿಕ್ಸರ್ ಮತ್ತೆ ಶುರುವಾಯಿತು. ಒಳಗಿನಿಂದ ಅತ್ತೆಯ ದನಿ: “ತ್ರಿವೇಣೀ, ಕರೆಂಟ್ ಹೋಗಿ ಬಂತಲ್ಲವಾ. ಲಿಂಗ ಇನ್ನಾ ಬರ್ಲಿಲ್ಲೇನು?”

ಅತ್ತೆಗೂ ಗೊತ್ತಿತ್ತು.

ಅಂಕಿಗಳು ಒಂದು ನಿಮಿಷವೂ ಹಿಂದೆ ಬಿದ್ದಿರಲಿಲ್ಲ. ಸೀರೆಯ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು, ತಣ್ಣಗೆ.

“ಬರೋದು ಬ್ಯಾಡತ್ತೀ,” ಎಂದಳು. “ಟೈಮು ಸರಿ ಐತಿ.”